ದೇಶದ ರೊಕ್ಕ ಎಣಿಸಿದ ಮೇಷ್ಟ್ರು, ಬಳ್ಳಾರಿಯ ಎಂಪಿ: ಡಾ. ವಿ.ಕೆ.ಆರ್.ವಿ. ರಾವ್

ಬಳ್ಳಾರಿ: ಲೋಕಸಭಾ ಚುನಾವಣೆ ಅಂದ ಕೂಡಲೇ ನಮ್ಮ ಮಂದಿಗೆ ನೆನಪಾಗೋದು 1999. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತ ಆ ದಿನಗಳ ಕಥೆ ಚಹಾ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಆದ್ರೆ ಅದಕ್ಕೂ 32 ವರ್ಷ ಮೊದಲು, 1967ರಲ್ಲಿ, ಇದೇ ಕ್ಷೇತ್ರದಿಂದ ಒಬ್ಬ ಮೇಷ್ಟ್ರು ಗೆದ್ದು ದಿಲ್ಲಿಗೆ ಹೋಗಿದ್ದರು. ಸಾಮಾನ್ಯ ಮೇಷ್ಟ್ರಲ್ಲ. ಭಾರತದ ಒಬ್ಬ ಮನುಷ್ಯ ವರ್ಷಕ್ಕೆ ಸರಾಸರಿ ಎಷ್ಟು ದುಡೀತಾನೆ ಅನ್ನೋದನ್ನ ಬ್ರಿಟಿಷರ ಕಾಲದಲ್ಲೇ ಕೂತು ಲೆಕ್ಕ ಹಾಕಿದವರು. ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಹೆಸರು ಡಾ. ವಿ.ಕೆ.ಆರ್.ವಿ. ರಾವ್.

ಹತ್ತು ವರ್ಷ ಅವರು ಬಳ್ಳಾರಿಯ ಸಂಸದರು. ಅದರಲ್ಲಿ ನಾಲ್ಕು ವರ್ಷ ಕೇಂದ್ರದ ಮಂತ್ರಿ. ಇವತ್ತು ನಮ್ಮ ಮಕ್ಕಳು ಹೋಗುವ ಎನ್‌ಎಸ್‌ಎಸ್ ಶಿಬಿರದಿಂದ ಹಿಡಿದು ಬೆಂಗಳೂರಿನ ನಾಗರಭಾವಿಯಲ್ಲಿರುವ ದೊಡ್ಡ ಸಂಶೋಧನಾ ಸಂಸ್ಥೆಯವರೆಗೆ ಅವರ ಕೈ ಆಡಿದೆ. ಆ ಹಿರಿಯರ ಬದುಕಿನ ಕಥೆ ಇಲ್ಲಿದೆ. ಅಂಗಡಿ ಗಲ್ಲಾದ ಮೇಲೆ ಕೂತು ದಿನಾ ಲೆಕ್ಕ ಬರೆಯುವವರಿಗೆ ಇದು ಸ್ವಲ್ಪ ಹೆಚ್ಚೇ ಹತ್ತಿರವಾಗಬಹುದು.

ಕಾಂಚಿಯಲ್ಲಿ ಹುಟ್ಟು, ಮುಂಬೈನಲ್ಲಿ ಓದು

ಪೂರ್ತಿ ಹೆಸರು ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್. ಇಷ್ಟುದ್ದ ಹೆಸರನ್ನ ಯಾರೂ ಕರೆಯಲಿಲ್ಲ, ವಿ.ಕೆ.ಆರ್.ವಿ. ಅನ್ನೋದೇ ಹೆಸರಾಗಿ ನಿಂತಿತು. ಹುಟ್ಟಿದ್ದು 1908ರ ಜುಲೈ 8ರಂದು ಕಾಂಚೀಪುರದಲ್ಲಿ. ಅರ್ಥಶಾಸ್ತ್ರ ಓದಿದ್ದು ಮುಂಬೈ ವಿಶ್ವವಿದ್ಯಾಲಯದಲ್ಲಿ.

ಹುಡುಗನಿಗೆ ಮೊದಲಿನಿಂದಲೂ ರೊಕ್ಕದ ಲೆಕ್ಕದ ಮೇಲೇ ಕಣ್ಣು. ಇನ್ನೂ 23 ವರ್ಷ ತುಂಬುವ ಹೊತ್ತಿಗೆ, 1931ರಲ್ಲಿ, ಭಾರತದ ಆದಾಯ ತೆರಿಗೆ ಬಗ್ಗೆ ಅವರ ಪುಸ್ತಕ ಅಚ್ಚಾಗಿ ಬಂತು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಆಗ ಕೇಂಬ್ರಿಡ್ಜ್ ಅಂದ್ರೆ ಜಾನ್ ಮೇನಾರ್ಡ್ ಕೇನ್ಸ್. 1929ರ ಮಹಾ ಕುಸಿತದ ನಂತರ ಜಗತ್ತಿನ ಸರ್ಕಾರಗಳೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಅದರಿಂದ ಹೊರಬರುವ ದಾರಿ ಹುಡುಕುತ್ತಿದ್ದ ಅರ್ಥಶಾಸ್ತ್ರಜ್ಞ ಅವರು. ಅವರ ಸುತ್ತ ಸೇರುತ್ತಿದ್ದ ವಿದ್ಯಾರ್ಥಿಗಳಲ್ಲಿ ರಾವ್ ಕೂಡ ಒಬ್ಬರು. ಅಲ್ಲಿ ಪ್ರತಿಷ್ಠಿತ ಆಡಮ್ ಸ್ಮಿತ್ ಬಹುಮಾನ ಪಡೆದರು. 1937ರಲ್ಲಿ ಡಾಕ್ಟರೇಟ್ ಮುಗಿಸಿದರು.

ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಇಂಗ್ಲೆಂಡಿನದಲ್ಲ, ನಮ್ಮದು. ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯ ಎಷ್ಟು? ಅಂದ್ರೆ ಇಡೀ ದೇಶ ಒಂದು ವರ್ಷದಲ್ಲಿ ದುಡಿದದ್ದು ಒಟ್ಟು ಎಷ್ಟು, ತಲೆಗೆ ಎಷ್ಟು ಬೀಳುತ್ತೆ?

ಈ ಲೆಕ್ಕ ಯಾಕೆ ಬೇಕಿತ್ತು?

ಇದು ಬರೀ ಪಂಡಿತರ ಹವ್ಯಾಸ ಆಗಿರಲಿಲ್ಲ. ಆ ಕಾಲದಲ್ಲಿ ತಲಾ ಆದಾಯ ಅನ್ನೋದು ದೊಡ್ಡ ಜಗಳದ ವಿಷಯ. ದಾದಾಭಾಯಿ ನವರೋಜಿ 1860ರ ದಶಕದ ಕೊನೆಯ ಅಂಕಿಗಳನ್ನ ಹಿಡಿದು, ಒಬ್ಬ ಭಾರತೀಯನ ವರ್ಷದ ಆದಾಯ 20 ರೂಪಾಯಿ ಅಂತ ಲೆಕ್ಕ ತೆಗೆದಿದ್ದರು. ಬ್ರಿಟಿಷರು ದೇಶವನ್ನ ಬರಿದು ಮಾಡ್ತಿದ್ದಾರೆ ಅನ್ನೋದಕ್ಕೆ ಅದೇ ಅವರ ಸಾಕ್ಷಿ. ಮುಂದೆ ವೈಸ್‌ರಾಯ್ ಕರ್ಜನ್ ಸರ್ಕಾರ, ಹಾಗೇನಿಲ್ಲ, 30 ರೂಪಾಯಿ ಆಗಿದೆ, ಭಾರತ ಮುಂದೆ ಬರ್ತಿದೆ ಅಂತ ಹೇಳಿಕೊಂಡಿತು. ಅದೇ ಹೊತ್ತಿಗೆ ವಿಲಿಯಂ ಡಿಗ್ಬಿ ಅನ್ನೋ ಇಂಗ್ಲಿಷ್‌ನವರೇ ಬೇರೆ ಲೆಕ್ಕ ಹಾಕಿ, 18 ರೂಪಾಯಿ ಕೂಡ ಇಲ್ಲ ಅಂದರು.

ಒಂದೇ ದೇಶ, ಒಂದೇ ಕಾಲ, ಎರಡು ಲೆಕ್ಕ. ಆಳುವವರಿಗೆ ಬೇಕಾದ ಅಂಕಿ ಒಂದು, ವಿರೋಧಿಸುವವರಿಗೆ ಬೇಕಾದ ಅಂಕಿ ಇನ್ನೊಂದು. ಇಂಥ ಜಗಳದ ನಡುವೆ ಯಾರ ಪರವೂ ತೂಕ ಹಾಕದೆ, ತಕ್ಕಡಿ ಸರಿಯಾಗಿ ಹಿಡಿದು ತೂಗಬೇಕು ಅಂತ ಹೊರಟವರು ರಾವ್.

ಕೆಲಸ ಎಷ್ಟು ಕಷ್ಟ ಅಂತ ಒಂದು ಉದಾಹರಣೆಯಿಂದ ನೋಡೋಣ. ನಮ್ಮ ರೈತ ಹತ್ತಿ ಬೆಳೆದು ಮಾರಿದ. ಆ ಹತ್ತಿ ನೂಲಾಯ್ತು, ನೂಲು ಬಟ್ಟೆ ಆಯ್ತು, ಬಟ್ಟೆ ಅಂಗಿ ಆಗಿ ಅಂಗಡಿಗೆ ಬಂತು. ಹತ್ತಿಯ ಬೆಲೆ, ನೂಲಿನ ಬೆಲೆ, ಬಟ್ಟೆಯ ಬೆಲೆ, ಅಂಗಿಯ ಬೆಲೆ ನಾಲ್ಕನ್ನೂ ಕೂಡಿಸಿದರೆ ಒಂದೇ ಹತ್ತಿಯನ್ನ ನಾಲ್ಕು ಸಲ ಎಣಿಸಿದಂಗೆ. ಹಾಗಾಗಿ ಪ್ರತಿ ಹಂತದಲ್ಲೂ ಹೊಸದಾಗಿ ಸೇರಿದ ಬೆಲೆ ಎಷ್ಟೋ ಅಷ್ಟನ್ನೇ ಹಿಡಿಯಬೇಕು. ರೈತನ ಬೆಳೆಯಲ್ಲೂ ಬೀಜ, ಗೊಬ್ಬರದ ಖರ್ಚು ಕಳೆಯಬೇಕು.

ಹೊಲ, ಗಣಿ, ಕಾರ್ಖಾನೆಯ ಲೆಕ್ಕ ಹೇಗೋ ಸಿಗುತ್ತೆ. ಸರ್ಕಾರಿ ನೌಕರರ ಪಗಾರ ಕಾಗದದಲ್ಲಿ ಇರುತ್ತೆ. ದೊಡ್ಡ ವ್ಯಾಪಾರಿಗಳದ್ದು ಆದಾಯ ತೆರಿಗೆ ಕಚೇರಿಯಲ್ಲಿ ಇರುತ್ತೆ. ಆದ್ರೆ ಸಂತೆಯಲ್ಲಿ ಬಳೆ ಮಾರುವವಳು, ಕಮ್ಮಾರ, ಕ್ಷೌರಿಕ, ಜಟಕಾ ಹೊಡೆಯುವವ, ಸಣ್ಣ ಕಿರಾಣಿ ಅಂಗಡಿಯವ? ಇವರ ಲೆಕ್ಕ ಯಾವ ಕಚೇರಿಯಲ್ಲೂ ಇರಲಿಲ್ಲ. ರಾವ್ ಮಾಡಿದ್ದು ಏನಂದ್ರೆ, ಉತ್ಪಾದನೆಯ ಅಂಕಿ ಸಿಗುವ ಕಡೆ ಉತ್ಪಾದನೆಯಿಂದ, ಅದು ಸಿಗದ ಕಡೆ ದುಡಿಮೆಯ ಆದಾಯದಿಂದ ಎರಡೂ ದಾರಿ ಹಿಡಿದು ಲೆಕ್ಕ ಕಟ್ಟಿದರು. 1931ರ ಜನಗಣತಿಯಲ್ಲಿ ಯಾವ ಕಸುಬಿನಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ನೋಡಿ, ಆ ಕಸುಬಿನವರ ಆದಾಯವನ್ನ ಬೇರೆ ವಿಚಾರಣೆಗಳಿಂದ ತಿಳಿದು, ಎರಡನ್ನೂ ಗುಣಿಸಿದರು. ಲೆಕ್ಕದಲ್ಲಿ ಎಷ್ಟು ತಪ್ಪು ಇರಬಹುದು ಅನ್ನೋದನ್ನೂ ತಾವೇ ಬರೆದು ಮುಂದಿಟ್ಟರು.

ಕೊನೆಗೆ ಬಂದ ಉತ್ತರ: 1931-32ರಲ್ಲಿ ಬ್ರಿಟಿಷ್ ಭಾರತದ ಒಬ್ಬ ಮನುಷ್ಯನ ವರ್ಷದ ಸರಾಸರಿ ಆದಾಯ 60 ರೂಪಾಯಿ ಚಿಲ್ಲರೆ. ತಿಂಗಳಿಗೆ ಹೆಚ್ಚುಕಡಿಮೆ 5 ರೂಪಾಯಿ. ಅದರಲ್ಲೂ ಹಳ್ಳಿಯವನಿಗೆ ಸಿಗುತ್ತಿದ್ದದ್ದು ಪಟ್ಟಣದವನ ಆದಾಯದ ಸುಮಾರು ಮೂರನೇ ಒಂದು ಭಾಗ. ಈ ಕೆಲಸ 1939 ಮತ್ತು 1940ರಲ್ಲಿ ಎರಡು ಪುಸ್ತಕಗಳಾಗಿ ಬಂತು. ಸ್ವಾತಂತ್ರ್ಯಕ್ಕೆ ಮೊದಲಿನ ಆದಾಯ ಲೆಕ್ಕಗಳಲ್ಲಿ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು ಅಂದ್ರೆ ರಾವ್ ಅವರದ್ದೇ ಅಂತ ಇವತ್ತಿಗೂ ಪಿಯುಸಿ ಮಕ್ಕಳ ಅರ್ಥಶಾಸ್ತ್ರದ ಪಾಠದಲ್ಲಿ ಬರುತ್ತೆ.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿ ಮಾಡಿತು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. 1948-49ರ ತಲಾ ಆದಾಯ ಸುಮಾರು 250 ರೂಪಾಯಿ ಅಂತ ಸಮಿತಿ ಲೆಕ್ಕ ಕೊಟ್ಟಿತು. ಇವತ್ತು ಟಿವಿಯಲ್ಲಿ ಜಿಡಿಪಿ ಏರಿತು, ಇಳಿಯಿತು ಅಂತ ಕೇಳ್ತೀವಲ್ಲ, ಭಾರತ ಸರ್ಕಾರದ ಆ ಲೆಕ್ಕದ ತಳಪಾಯ ಬಿದ್ದದ್ದು ಆ ಸಮಿತಿಯಲ್ಲಿ.

ದಿಲ್ಲಿಯಲ್ಲಿ ಕಟ್ಟಿದ ಶಾಲೆ

ಇಂಗ್ಲೆಂಡಿನಿಂದ ಬಂದ ರಾವ್ ಮೊದಲು ಅಹಮದಾಬಾದಿನ ಎಲ್.ಡಿ. ಆರ್ಟ್ಸ್ ಕಾಲೇಜಿನ ಪ್ರಿನ್ಸಿಪಾಲರಾದರು. 1942ರಲ್ಲಿ ದಿಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋದರು. ಎರಡನೇ ಮಹಾಯುದ್ಧದ ಕೊನೆಯ ದಿನಗಳು ಆಹಾರದ ಕೊರತೆಯ ದಿನಗಳು. ಆಗ ಸರ್ಕಾರದ ಆಹಾರ ಇಲಾಖೆಗೆ ಸಲಹೆಗಾರರಾಗಿ, ಮುಂದೆ ಅಮೆರಿಕದ ವಾಷಿಂಗ್ಟನ್‌ನಲ್ಲಿ ಭಾರತದ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿ ಕೆಲಸ ಮಾಡಿದರು.

ಆದ್ರೆ ಅವರ ಮನಸ್ಸು ಇದ್ದದ್ದು ಬೇರೆ ಕಡೆ. ಅರ್ಥಶಾಸ್ತ್ರ ಕಲೀಬೇಕು ಅಂದ್ರೆ ಹಡಗು ಹತ್ತಿ ಲಂಡನ್ನಿಗೇ ಹೋಗಬೇಕಾ? ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಇರುವಂಗೆ ನಮ್ಮಲ್ಲೇ ಒಂದು ಯಾಕಿರಬಾರದು? 1949ರಲ್ಲಿ ದಿಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಶುರುವಾಯ್ತು. ಅದರ ಬೆನ್ನಿಗೆ ಪ್ರಧಾನಿ ನೆಹರೂ ಅವರನ್ನೇ ನಿಲ್ಲಿಸಿಕೊಂಡರು ರಾವ್. ಅಲ್ಲಿಯ ಗ್ರಂಥಾಲಯಕ್ಕೆ ರತನ್ ಟಾಟಾ ಅವರ ಹೆಸರಿದೆ. ಒಳ್ಳೆ ಕೆಲಸಕ್ಕೆ ಯಾರ ಬಾಗಿಲಿಗೆ ಹೋಗಿ ಹೇಗೆ ಕೇಳಬೇಕು ಅನ್ನೋದು ಈ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು.

ಒಳ್ಳೆ ಮಂದಿಯನ್ನ ಹುಡುಕಿ ತರೋದರಲ್ಲೂ ಅವರದ್ದು ಎತ್ತಿದ ಕೈ. ಕೇರಳದ ಕೆ.ಎನ್. ರಾಜ್ ಬಂದರು. 1959ರಲ್ಲಿ, ರಾವ್ ಕುಲಪತಿಯಾಗಿದ್ದಾಗ, ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರನ್ನ ಕರೆಸಿ ಅಲ್ಲಿ ಸಮಾಜಶಾಸ್ತ್ರ ವಿಭಾಗ ಶುರು ಮಾಡಿಸಿದರು. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಜಾತಿ ವ್ಯವಸ್ಥೆಯನ್ನ ಹತ್ತಿರದಿಂದ ನೋಡಿ ಬರೆದವರು ಶ್ರೀನಿವಾಸ್. ರಾವ್ ಬಿಟ್ಟು ಹೋದ ಮೇಲೂ ಆ ಶಾಲೆ ಬೆಳೀತಾ ಹೋಯ್ತು. ಮುಂದೆ ನೊಬೆಲ್ ಪಡೆದ ಅಮರ್ತ್ಯ ಸೇನ್ 1963ರಿಂದ 1971ರವರೆಗೆ ಅಲ್ಲಿ ಪಾಠ ಮಾಡಿದರು. ಮುಂದೆ ಪ್ರಧಾನಿಯಾದ ಮನಮೋಹನ್ ಸಿಂಗ್ ಕೂಡ ಕೆಲ ಕಾಲ ಅಲ್ಲಿ ಪ್ರೊಫೆಸರ್.

ರಾವ್ 1957ರಿಂದ 1960ರವರೆಗೆ ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿ. ಅದೇ ಹೊತ್ತಿಗೆ, 1958ರಲ್ಲಿ, ಆರ್ಥಿಕ ಬೆಳವಣಿಗೆಯ ಅಧ್ಯಯನಕ್ಕೆ ಅಂತಲೇ ದಿಲ್ಲಿಯಲ್ಲಿ ಇನ್ನೊಂದು ಸಂಸ್ಥೆ ಕಟ್ಟಿದರು. ಒಂದು ಕಟ್ಟೋದು, ಅದು ಕಾಲ ಮೇಲೆ ನಿಂತ ಮೇಲೆ ಬೇರೆಯವರ ಕೈಗೆ ಕೊಟ್ಟು ಮುಂದೆ ಹೋಗೋದು. ಇದು ಅವರ ಇಡೀ ಬದುಕಿನ ರೀತಿ.

ಗುರುವಿನ ಪಾಠ ನಮ್ಮ ಊರಿಗೆ ಒಪ್ಪುತ್ತಾ?

ರಾವ್ ಅವರ ಇನ್ನೊಂದು ದೊಡ್ಡ ಕೆಲಸ 1952ರ ಒಂದು ಲೇಖನ. ವಿಷಯ ಕ್ಲಿಷ್ಟ ಅನಿಸಬಹುದು, ಆದ್ರೆ ವ್ಯಾಪಾರ ಮಾಡುವವರಿಗೆ ತಟ್ಟನೆ ಅರ್ಥ ಆಗುತ್ತೆ.

ಕೇನ್ಸ್ ಹೇಳಿದ್ದು ಇಷ್ಟು. ವ್ಯಾಪಾರ ಬಿದ್ದು ಹೋದಾಗ ಸರ್ಕಾರ ಕೈ ಬಿಚ್ಚಿ ಖರ್ಚು ಮಾಡಬೇಕು. ಸರ್ಕಾರ ಕೆರೆ ಕೆಲಸಕ್ಕೆ 100 ರೂಪಾಯಿ ಕೂಲಿ ಕೊಟ್ಟಿತು ಅನ್ನಿ. ಕೂಲಿಯವ 20 ಉಳಿಸಿ 80 ರೂಪಾಯಿ ಕಿರಾಣಿ ಅಂಗಡಿಗೆ ಕೊಟ್ಟ. ಅಂಗಡಿಯವ ಅದರಲ್ಲಿ 64 ರೂಪಾಯಿ ಬಟ್ಟೆ ಅಂಗಡಿಗೆ ಕೊಟ್ಟ. ಹೀಗೆ ಕೈಯಿಂದ ಕೈಗೆ ಓಡ್ತಾ ಓಡ್ತಾ 100 ರೂಪಾಯಿ ಕೊನೆಗೆ 500 ರೂಪಾಯಿಯ ವ್ಯವಹಾರ ಹುಟ್ಟಿಸುತ್ತೆ. ನಿಂತ ಕಾರ್ಖಾನೆ ತಿರುಗ್ತವೆ, ಕೆಲಸ ಇಲ್ಲದವರಿಗೆ ಕೆಲಸ ಸಿಗುತ್ತೆ.

ಇಂಗ್ಲೆಂಡಿಗೆ ಇದು ಸರಿ ಅಂದರು ರಾವ್. ಅಲ್ಲಿ ಯಂತ್ರ ಇದೆ, ಕಚ್ಚಾ ಮಾಲು ಇದೆ, ಕೆಲಸ ಗೊತ್ತಿದ್ದ ಮಂದಿ ಸುಮ್ಮನೆ ಕೂತಿದ್ದಾರೆ. ಕೊಳ್ಳುವವರು ಬಂದರೆ ಸಾಕು, ಮಾಲು ತಯಾರಾಗುತ್ತೆ. ನಮ್ಮಲ್ಲಿ ಹಾಗಲ್ಲ. ಬಜಾರಿನಲ್ಲಿ ರೊಕ್ಕ ಹೆಚ್ಚಾಯ್ತು ಅಂತ ಜೋಳ ಹೊಲದಲ್ಲಿ ತಿಂಗಳೊಳಗೆ ಬೆಳೆದು ನಿಲ್ಲೋದಿಲ್ಲ. ಅದಕ್ಕೆ ಮಳೆ ಬೇಕು, ಕಾಲ ಬೇಕು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಅವನು ಮೊದಲು ತನ್ನ ಮನೆಯವರಿಗೆ ಹೊಟ್ಟೆ ತುಂಬ ಹಾಕ್ತಾನೆ, ಅದು ತಪ್ಪೇನಲ್ಲ, ಆದ್ರೆ ಮಾರುಕಟ್ಟೆಗೆ ಬರುವ ಕಾಳು ಕಡಿಮೆ ಆಗುತ್ತೆ. ಇನ್ನು ಕೆಲಸ ಇಲ್ಲದವರು? ನಮ್ಮಲ್ಲಿ ಇಬ್ಬರು ಮಾಡುವ ಕೆಲಸಕ್ಕೆ ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ಹೊಲದಲ್ಲಿ, ಒಂದೇ ಅಂಗಡಿಯಲ್ಲಿ ಇರ್ತಾರೆ. ನೋಡಿದವರಿಗೆ ಎಲ್ಲರಿಗೂ ಕೆಲಸ ಇದೆ, ನಿಜಕ್ಕೂ ಇಲ್ಲ. ಇವರು ನಾಳೆ ಕರೆದರೆ ಕಾರ್ಖಾನೆಗೆ ಬರುವವರಲ್ಲ.

ಹಾಗಾಗಿ ನಮ್ಮಲ್ಲಿ ಬರೀ ನೋಟು ಹಂಚಿದರೆ ಬೆಳೆಯೋದು ಉತ್ಪಾದನೆ ಅಲ್ಲ, ಬೆಲೆ ಅನ್ನೋದು ರಾವ್ ಅವರ ವಾದ. ನೀರಾವರಿ, ಯಂತ್ರ, ಕಸುಬಿನ ಕಲಿಕೆ ಮೊದಲು ಬೇಕು. ದುಡಿಮೆ ಹೆಚ್ಚಬೇಕು, ಉಳಿತಾಯ ಹೆಚ್ಚಬೇಕು.

ನಮ್ಮ ಸುತ್ತಲೇ ನೋಡಿದರೆ ಈ ವ್ಯತ್ಯಾಸ ಕಾಣುತ್ತೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಿಗೆ ಆರ್ಡರ್ ಹೆಚ್ಚಾದರೆ ರಾತ್ರಿಯೂ ಯಂತ್ರ ಓಡಿಸಿ ಮಾಲು ಕೊಡಬಹುದು. ಯಾಕಂದ್ರೆ ಯಂತ್ರ ಇದೆ, ಕೈ ಪಳಗಿದೆ. ಆದ್ರೆ ಮಳೆ ನಂಬಿದ ಹೊಲಕ್ಕೆ ಆರ್ಡರ್ ಕೊಟ್ಟು ಏನು ಮಾಡೋದು? ಜಗತ್ತೇ ತಲೆಬಾಗಿದ್ದ ಗುರುವಿನ ಪಾಠವನ್ನ ಹಾಗೇ ಊರಿಗೆ ಹೊತ್ತು ತರದೆ, ನಮ್ಮ ನೆಲಕ್ಕೆ ಒಪ್ಪುತ್ತಾ ಅಂತ ತಿಕ್ಕಿ ನೋಡಿದರು ರಾವ್. ಬೇರೆ ಬಡ ದೇಶಗಳ ಅರ್ಥಶಾಸ್ತ್ರಜ್ಞರೂ ಈ ಲೇಖನವನ್ನ ಓದಿ ಚರ್ಚೆ ಮಾಡಿದರು.

ವಿಶ್ವಸಂಸ್ಥೆಯಲ್ಲಿ ಬಡವರ ಪರ

1947ರಿಂದ 1950ರವರೆಗೆ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪಸಮಿತಿಗೆ ರಾವ್ ಅಧ್ಯಕ್ಷರಾಗಿದ್ದರು. ಬ್ಯಾಂಕ್ ಬಡ್ಡಿ ಕಟ್ಟುವ ಶಕ್ತಿ ಇಲ್ಲದ ದೇಶಗಳಿಗೆ ಕಡಿಮೆ ಬಡ್ಡಿಗೆ, ದೀರ್ಘ ಅವಧಿಗೆ ಸಾಲ ಕೊಡುವ ವ್ಯವಸ್ಥೆ ವಿಶ್ವಸಂಸ್ಥೆಯಲ್ಲೇ ಇರಬೇಕು ಅಂತ 1949ರಲ್ಲಿ ಅವರು ಯೋಜನೆ ಮುಂದಿಟ್ಟರು. ಶ್ರೀಮಂತ ದೇಶಗಳು ಒಪ್ಪಲಿಲ್ಲ. ವರ್ಷಗಟ್ಟಲೆ ಎಳೆದಾಟ ನಡೀತು.

ಕೊನೆಗೆ ಅದು ಎರಡು ರೂಪದಲ್ಲಿ ಬಂತು. 1958ರಲ್ಲಿ ವಿಶ್ವಸಂಸ್ಥೆಯ ವಿಶೇಷ ನಿಧಿ, ಅದೇ ಮುಂದೆ ಬೇರೆ ಯೋಜನೆಯ ಜೊತೆ ಸೇರಿ ಯುಎನ್‌ಡಿಪಿ ಆಯ್ತು. 1960ರಲ್ಲಿ ವಿಶ್ವಬ್ಯಾಂಕಿನ ಕೆಳಗೆ ಬಡ ದೇಶಗಳಿಗೆ ಅಗ್ಗದ ಸಾಲ ಕೊಡುವ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ. ಇದೆಲ್ಲ ರಾವ್ ಒಬ್ಬರಿಂದಲೇ ಆಯ್ತು ಅಂತಲ್ಲ. ಬೀಜ ಹಾಕಿದವರಲ್ಲಿ ಅವರು ಮೊದಲಿಗರು.

1967: ಮೇಷ್ಟ್ರು ಬಳ್ಳಾರಿಗೆ ಬಂದರು

1963ರಿಂದ 1966ರವರೆಗೆ ರಾವ್ ಯೋಜನಾ ಆಯೋಗದ ಸದಸ್ಯರು. ಅಲ್ಲಿಂದ ಮುಂದಿನ ಹೆಜ್ಜೆ ಚುನಾವಣೆ. 59ನೇ ವಯಸ್ಸಿನ ಹೊಸ್ತಿಲಲ್ಲಿ, 1967ರಲ್ಲಿ, ಕಾಂಗ್ರೆಸ್ ಅಭ್ಯರ್ಥಿಯಾಗಿ ಬಳ್ಳಾರಿಯಲ್ಲಿ ನಿಂತರು.

ಆಗಿನ ಬಳ್ಳಾರಿ ಹೇಗಿತ್ತು ಅಂತ ಹಿರಿಯರಿಗೆ ಗೊತ್ತು. ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿ, ಅಂದ್ರೆ 1953ರ ಅಕ್ಟೋಬರ್‌ನಿಂದ, ಇನ್ನೂ 14 ವರ್ಷವೂ ಆಗಿರಲಿಲ್ಲ. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲ ಇದೇ ಜಿಲ್ಲೆಯಲ್ಲಿದ್ದವು, ವಿಜಯನಗರ ಜಿಲ್ಲೆ ಅನ್ನೋ ಮಾತೇ ಇರಲಿಲ್ಲ. ತುಂಗಭದ್ರೆಯ ಕಾಲುವೆ ನೀರು ಸಿರುಗುಪ್ಪದ ಕಡೆ ಭತ್ತದ ಗದ್ದೆ ಹಸಿರು ಮಾಡಿತ್ತು, ಕೂಡ್ಲಿಗಿಯ ಕಡೆ ಮಳೆ ನೋಡಿ ಬಿತ್ತುವ ಬದುಕು ಹಾಗೇ ಇತ್ತು. ಹೊರಗಿನಿಂದ ಬಂದ ಪಂಡಿತರು ನಮಗೆ ಯಾಕೆ ಅನ್ನದೆ ಬಳ್ಳಾರಿ ಮಂದಿ ಅವರನ್ನ ಗೆಲ್ಲಿಸಿ ಕಳಿಸಿದರು.

ಇಂದಿರಾ ಗಾಂಧಿ ಸಂಪುಟದಲ್ಲಿ ರಾವ್‌ಗೆ ಸಿಕ್ಕಿದ್ದು ಸಾರಿಗೆ ಮತ್ತು ಹಡಗು ಖಾತೆ. ಸಮುದ್ರವೇ ಕಾಣದ ಬಳ್ಳಾರಿಯ ಎಂಪಿಗೆ ಹಡಗಿನ ಉಸ್ತುವಾರಿ! ಎರಡು ವರ್ಷ ಅದನ್ನ ನೋಡಿಕೊಂಡರು. 1969ರ ಫೆಬ್ರುವರಿಯಲ್ಲಿ ಅವರಿಗೆ ಒಪ್ಪುವ ಖಾತೆ ಬಂತು: ಶಿಕ್ಷಣ ಮತ್ತು ಯುವಜನ ಸೇವೆ.

ಎರಡು ವರ್ಷದ ಶಿಕ್ಷಣ ಮಂತ್ರಿ

ಆ ಎರಡು ವರ್ಷದಲ್ಲಿ ಆದ ಕೆಲಸಗಳನ್ನ ಸಾಲಾಗಿ ಇಟ್ಟು ನೋಡಿ. 1969ರ ಏಪ್ರಿಲ್‌ನಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಶುರು. ಜುಲೈನಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರು. ಅದೇ ವರ್ಷ ಸಮಾಜ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ರಾಷ್ಟ್ರೀಯ ಮಂಡಳಿ, ಐಸಿಎಸ್‌ಎಸ್‌ಆರ್, ಶುರು. ಈ ಮಂಡಳಿ ಬೇಕು ಅಂತ ಶಿಫಾರಸು ಮಾಡಿದ್ದ ಸಮಿತಿಗೆ ಹಿಂದೆ ಅಧ್ಯಕ್ಷರಾಗಿದ್ದವರೂ ರಾವ್ ಅವರೇ. ಸಮಿತಿಯಲ್ಲಿ ಕೂತು ಕೇಳಿದ್ದನ್ನ ಮಂತ್ರಿಯಾಗಿ ತಾವೇ ಜಾರಿಗೆ ತಂದರು.

ಇವೆಲ್ಲಕ್ಕಿಂತ ನಮ್ಮ ಮನೆಬಾಗಿಲಿಗೆ ಬಂದದ್ದು ಎನ್‌ಎಸ್‌ಎಸ್, ರಾಷ್ಟ್ರೀಯ ಸೇವಾ ಯೋಜನೆ. ಕಾಲೇಜು ಹುಡುಗರು ಓದಿನ ಜೊತೆ ಊರಿನ ಕೆಲಸಕ್ಕೂ ಕೈ ಹಾಕಬೇಕು ಅನ್ನೋದು ಗಾಂಧೀಜಿ ಕಾಲದ ವಿಚಾರ. ಅದರ ಮೇಲೆ ಸಮಿತಿಗಳು ಕೂತಿದ್ದವು, ವರದಿಗಳು ಬಂದಿದ್ದವು. ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಶಿಕ್ಷಣ ಮಂತ್ರಿ ರಾವ್ ಅದನ್ನ 37 ವಿಶ್ವವಿದ್ಯಾಲಯಗಳಲ್ಲಿ ಶುರು ಮಾಡಿಸಿದರು. ಮೊದಲ ವರ್ಷ 40,000 ವಿದ್ಯಾರ್ಥಿಗಳು. ಇವತ್ತು ತಾಲ್ಲೂಕಿನ ಕಾಲೇಜುಗಳಲ್ಲೂ ಎನ್‌ಎಸ್‌ಎಸ್ ಘಟಕ ಇದೆ. ವರ್ಷಕ್ಕೆ 120 ಗಂಟೆ ಸೇವೆ, ಏಳು ದಿನದ ಶಿಬಿರ. ಹಳ್ಳಿ ಶಾಲೆಯಲ್ಲಿ ಮಲಗಿ, ಚರಂಡಿ ತೆಗೆದು, ಗಿಡ ನೆಟ್ಟು, ರಾತ್ರಿ ಊರವರ ಮುಂದೆ ನಾಟಕ ಆಡಿದ ನೆನಪು ನಮ್ಮಲ್ಲಿ ಎಷ್ಟೋ ಮಂದಿಗೆ ಇದೆ. ಅದಕ್ಕೆ ಚಾಲನೆ ಕೊಟ್ಟವರು ಬಳ್ಳಾರಿಯ ಎಂಪಿ ಅನ್ನೋದು ಎಷ್ಟು ಜನರಿಗೆ ನೆನಪಿದೆ?

ಗೆದ್ದರು, ಕುರ್ಚಿ ಹೋಯ್ತು

ಅದೇ 1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯ್ತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಮೈಸೂರು ರಾಜ್ಯದಲ್ಲಿ ಆಗ ನಿಜಲಿಂಗಪ್ಪನವರ ಮಾತಿಗೆ ದೊಡ್ಡ ತೂಕ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಜೊತೆಗೇ ನಿಂತರು. ರಾವ್ ಮಾತ್ರ ಇಂದಿರಾ ಸಂಪುಟದಲ್ಲೇ ಉಳಿದರು. ರಾಜ್ಯದ ದೊಡ್ಡ ನಾಯಕರು ಒಂದು ದಿಕ್ಕಿಗೆ ನಿಂತಾಗ ಇನ್ನೊಂದು ದಿಕ್ಕಿಗೆ ಉಳಿಯೋದು ಸಂಸದನೊಬ್ಬನಿಗೆ ಸಣ್ಣ ಮಾತಲ್ಲ. ಮುಂದಿನ ಚುನಾವಣೆಯೇ ಪಣಕ್ಕಿತ್ತು.

1971ರಲ್ಲಿ ಚುನಾವಣೆ ಬಂತು. ಇಂದಿರಾ ಕಾಂಗ್ರೆಸ್ ರಾಜ್ಯದ 27ಕ್ಕೆ 27 ಲೋಕಸಭಾ ಸ್ಥಾನವನ್ನೂ ಬಾಚಿಕೊಂಡಿತು. ಬಳ್ಳಾರಿಯಿಂದ ರಾವ್ ಮತ್ತೆ ಗೆದ್ದರು. ಆದ್ರೆ ಹೊಸ ಸಂಪುಟದ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಶಿಕ್ಷಣ ಖಾತೆ ಸಿದ್ಧಾರ್ಥ ಶಂಕರ ರೇ ಅವರ ಪಾಲಾಯ್ತು.

ರಾಜಕೀಯದಲ್ಲಿ ಇಂಥ ಹೊತ್ತಿಗೆ ಸಾಮಾನ್ಯವಾಗಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಮುನಿಸಿಕೊಳ್ಳೋದು, ಬಣ ಕಟ್ಟೋದು, ದಿಲ್ಲಿ ಬಾಗಿಲಲ್ಲಿ ಕಾಯೋದು. ರಾವ್‌ಗೆ ಆಗ 62 ವರ್ಷ. ಅವರು ಬೆಂಗಳೂರಿಗೆ ಬಂದು ಮತ್ತೊಂದು ಸಂಸ್ಥೆ ಕಟ್ಟಲು ಕೂತರು.

ನಾಗರಭಾವಿಯ ಸಂಸ್ಥೆ

1972ರಲ್ಲಿ ಶುರುವಾದದ್ದು ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ. ಇಂಗ್ಲಿಷಿನ ಮೊದಲಕ್ಷರ ಹಿಡಿದು ಐಸೆಕ್ ಅಂತ ಕರೀತಾರೆ. ಬರೀ ಅರ್ಥಶಾಸ್ತ್ರ ಓದಿದರೆ ಊರು ಅರ್ಥ ಆಗೋದಿಲ್ಲ, ಜಾತಿ, ಕುಟುಂಬ, ಜನಸಂಖ್ಯೆ, ಆಡಳಿತ ಎಲ್ಲ ಒಂದೇ ಸೂರಿನ ಕೆಳಗೆ ಕೂತು ನೋಡಬೇಕು ಅನ್ನೋದು ರಾವ್ ಅವರ ಹಠ. ಹಿಂದೆ ದಿಲ್ಲಿಗೆ ಕರೆಸಿದ್ದ ಎಂ.ಎನ್. ಶ್ರೀನಿವಾಸ್ ಅವರನ್ನ ಈಗ ಬೆಂಗಳೂರಿಗೆ ಕರೆತಂದರು. ಒಬ್ಬರು ದೇಶದ ಆದಾಯ ಎಣಿಸಿದವರು, ಇನ್ನೊಬ್ಬರು ಹಳ್ಳಿಯ ಬದುಕನ್ನ ಒಳಗಿನಿಂದ ನೋಡಿದವರು. ಸಂಸದರಾಗಿದ್ದುಕೊಂಡೇ ರಾವ್ 1977ರವರೆಗೆ ಅದರ ನಿರ್ದೇಶಕರಾಗಿ ನಡೆಸಿದರು. ಅಲ್ಲಿನ ಗ್ರಂಥಾಲಯಕ್ಕೆ ಈಗ ಅವರದ್ದೇ ಹೆಸರು.

ಕೃಷಿ, ನೀರಾವರಿ, ಪಂಚಾಯಿತಿ, ಜನಸಂಖ್ಯೆ ಬಗ್ಗೆ ರಾಜ್ಯದ ಹಳ್ಳಿಗಳಲ್ಲಿ ಸುತ್ತಾಡಿ ಅಧ್ಯಯನ ಮಾಡುವ ಕೆಲಸ ಅಲ್ಲಿ ಇವತ್ತಿಗೂ ನಡೀತಿದೆ. ಎಷ್ಟೋ ಮಂದಿ ಅಲ್ಲಿ ಪಿಎಚ್‌ಡಿ ಮುಗಿಸಿ ಹೊರಬಂದಿದ್ದಾರೆ.

1974ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 1977ಕ್ಕೆ ಸಂಸತ್ತಿನ ಬದುಕು ಮುಗಿಯಿತು. ಬರವಣಿಗೆ ನಿಲ್ಲಲಿಲ್ಲ. ಪಶ್ಚಿಮದ ಸಮಾಜವಾದಕ್ಕೆ ಗಾಂಧಿ ದಾರಿ ಪರ್ಯಾಯ ಆಗಬಹುದಾ ಅನ್ನೋ ಪ್ರಶ್ನೆ ಹಿಡಿದು ಮಂತ್ರಿಯಾಗಿದ್ದಾಗಲೇ ಬರೆದಿದ್ದರು, 1979ರಲ್ಲಿ ಸ್ವಾಮಿ ವಿವೇಕಾನಂದರ ಬಗ್ಗೆ ಪುಸ್ತಕ ತಂದರು. ಅಂಕಿ ಸಂಖ್ಯೆಯ ಮನುಷ್ಯ ವಿವೇಕಾನಂದರ ಕಡೆ ಯಾಕೆ ಹೊರಳಿದರು ಅನಿಸಬಹುದು. ಬಡವನ ಹೊಟ್ಟೆ ತುಂಬದೆ ಧರ್ಮ ಇಲ್ಲ ಅನ್ನೋ ವಿಚಾರವೇ ಅವರನ್ನ ಅಲ್ಲಿಗೆ ಎಳೆದದ್ದು. 1980ರ ದಶಕದಲ್ಲಿ ಸರ್ಕಾರ ಅವರನ್ನ ರಾಷ್ಟ್ರೀಯ ಪ್ರಾಧ್ಯಾಪಕರನ್ನಾಗಿ ಮಾಡಿತು.

1991ರ ಜುಲೈ 24ರಂದು ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ದೇಶದ ಆರ್ಥಿಕ ದಿಕ್ಕನ್ನೇ ಬದಲಿಸಿದ ಬಜೆಟ್ ಮಂಡಿಸಿದರು. ರಾವ್ ಕಟ್ಟಿದ ದಿಲ್ಲಿ ಶಾಲೆಯಲ್ಲಿ ಹಿಂದೆ ಪ್ರೊಫೆಸರ್ ಆಗಿದ್ದವರು ಅವರು. ಯೋಜನಾ ಆಯೋಗದ ಕಾಲ ಹಿಂದೆ ಸರಿದು ಮುಕ್ತ ಮಾರುಕಟ್ಟೆಯ ಕಾಲ ಶುರುವಾದ ದಿನ ಅದು. ಮಾರನೇ ದಿನ, ಜುಲೈ 25ರಂದು, ವಿ.ಕೆ.ಆರ್.ವಿ. ರಾವ್ ತೀರಿಕೊಂಡರು. 83 ವರ್ಷ ಆಗಿತ್ತು.

ನಮಗೆ ಉಳಿದದ್ದು ಏನು?

ರಾವ್ ಜನಸಾಗರ ಕೂಡಿಸುವ ನಾಯಕರಾಗಿರಲಿಲ್ಲ. ಮಂತ್ರಿಗಿರಿ ನಾಲ್ಕೇ ವರ್ಷಕ್ಕೆ ಮುಗಿಯಿತು. ಯೋಜನೆ ಮೂಲಕ ಬಡತನ ಕಳೀಬಹುದು ಅಂತ ಅವರ ತಲೆಮಾರು ನಂಬಿದ್ದಷ್ಟು ವೇಗವಾಗಿ ಬಡತನ ಹೋಗಲೂ ಇಲ್ಲ. ಇದನ್ನ ಮುಚ್ಚಿಡಬೇಕಾಗಿಲ್ಲ.

ಆದ್ರೆ ಒಂದು ವಿಷಯದಲ್ಲಿ ಅವರು ಜೀವನಪೂರ್ತಿ ಗಟ್ಟಿ ನಿಂತರು. ಲೆಕ್ಕದಲ್ಲಿ ಇಲ್ಲದ ಮನುಷ್ಯ ಯೋಜನೆಯಲ್ಲೂ ಇರೋದಿಲ್ಲ. 1931ರ ಸಂತೆಯ ಬಳೆಗಾರ್ತಿಯನ್ನ, ಕಮ್ಮಾರನನ್ನ, ಕಿರಾಣಿ ಅಂಗಡಿಯವನನ್ನ ದೇಶದ ಲೆಕ್ಕದೊಳಗೆ ತರಲು ಒದ್ದಾಡಿದ ಹುಡುಗನೇ ಮುಂದೆ ಹಳ್ಳಿಗಳ ಅಧ್ಯಯನಕ್ಕೆ ಸಂಸ್ಥೆ ಕಟ್ಟಿದ, ಕಾಲೇಜು ಮಕ್ಕಳನ್ನ ಹಳ್ಳಿಗೆ ಕಳಿಸಿದ. ಇವತ್ತೂ ಸಮೀಕ್ಷೆಯವರು ಅಂಗಡಿ ಮುಂದೆ ಬಂದು ನಿಂತಾಗ ನಾವು ಬೇಗ ಬೇಗ ಏನೋ ಒಂದು ಹೇಳಿ ಕಳಿಸ್ತೀವಿ. ಆ ಅಂಕಿಯ ಮೇಲೇ ನಾಳೆ ರಸ್ತೆ, ಸಾಲ, ಅಕ್ಕಿ, ಆಸ್ಪತ್ರೆ ಎಲ್ಲ ನಿರ್ಧಾರ ಆಗುತ್ತೆ ಅನ್ನೋದು ನಮಗೆ ಹೊಳೆಯೋದಿಲ್ಲ.

ಎಂಪಿ ಅಂದ್ರೆ ಎಷ್ಟು ರೊಕ್ಕ ತಂದ, ಯಾವ ಕಲ್ಲಿನ ಮೇಲೆ ಹೆಸರು ಬರೆಸಿದ ಅಂತ ಕೇಳೋದು ನಮಗೆ ರೂಢಿ. ಕೇಳಬೇಕು, ತಪ್ಪಲ್ಲ. ಅದರ ಜೊತೆ, ತಾನು ಹೋದ ಮೇಲೂ ನಡೆಯುವಂಥದ್ದು ಏನು ಕಟ್ಟಿದ ಅಂತಲೂ ಕೇಳೋಣ. ಕುರ್ಚಿ ಹೋದ ಮರುವರ್ಷವೇ ರಾವ್ ಕಟ್ಟಿದ ಐಸೆಕ್ 50 ವರ್ಷ ದಾಟಿ ನಡೀತಿದೆ. ಪ್ರತಿ ಸೆಪ್ಟೆಂಬರ್ 24 ಎನ್‌ಎಸ್‌ಎಸ್ ದಿನ. ಈ ಸಲ ಮನೆಯ ಮಗ, ಮಗಳು ಬಿಳಿ ಟೋಪಿ ಹಾಕಿಕೊಂಡು ಶಿಬಿರಕ್ಕೆ ಹೊರಟರೆ, ಇದನ್ನ ಶುರು ಮಾಡಿಸಿದವರು ಒಂದು ಕಾಲಕ್ಕೆ ನಮ್ಮೂರಿನ ಎಂಪಿ ಆಗಿದ್ದರು ಅಂತ ಒಂದು ಮಾತು ಹೇಳಿ ಕಳಿಸಿ.